‘ಫಿಫ್ಟೀನ್’ ಅಂದರೆ ‘ಫಿಫ್ಟಿ’ ಅಂತ ಕೇಳಿಸುತ್ತೆ ಮೇಡಂ

(ಗುರುತು ಸಿಗದಂತೆ ವಿವರಗಳನ್ನು ಬದಲಾಯಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ನನ್ನ ಬಳಿ ಆಪ್ತಸಮಾಲೋಚನೆಗೆ ಬಂದವರು ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಮಂಡ್ಯ ಕಡೆಯವರು. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ, ಆಮೇಲೆ ಬಿ.ಕಾಂ. ಈಗ ಹೆಬ್ಬಾಳದ ಹತ್ತಿರದ ಟೆಕ್ ಪಾರ್ಕಿನಲ್ಲಿ ಅಮೆರಿಕದ ಕಂಪನಿಯೊಂದರ ಬಿಲ್ಲು, ಪೇಮೆಂಟ್ ನೋಡಿಕೊಳ್ಳುವ ಕೆಲಸ. ತಂಡದಲ್ಲಿ ಯಾರ ಲೆಕ್ಕ ತಾಳೆಯಾಗದಿದ್ದರೂ ಇವರ ಹತ್ತಿರವೇ ಬರುತ್ತಾರೆ. ಆದರೆ ಕಾಲ್ ಶುರುವಾದರೆ ಮೈಕ್ ಮ್ಯೂಟ್. ಹೇಳಬೇಕಾದ್ದೆಲ್ಲ ಚಾಟ್‌ನಲ್ಲಿ.

ಹಿಂದೊಮ್ಮೆ ಕಾಲ್‌ನಲ್ಲಿ ‘ಫಿಫ್ಟೀನ್ ಥೌಸಂಡ್’ ಅಂದಿದ್ದರು. ಆ ಕಡೆಯವರಿಗೆ ‘ಫಿಫ್ಟಿ’ ಅಂತ ಕೇಳಿಸಿತು. ಇಮೇಲ್‌ನಲ್ಲಿ ಸರಿಹೋಯಿತು, ದುಡ್ಡೇನೂ ಹೋಗಲಿಲ್ಲ. ಆದರೆ ಯಾರೋ ನಕ್ಕರು. ಆಮೇಲಿನ ಅಪ್ರೈಸಲ್‌ನಲ್ಲಿ ‘ಎಂಟಿಐ ಜಾಸ್ತಿ’ ಎಂಬ ಒಂದು ಸಾಲು. ಮಾತೃಭಾಷೆಯ ಪ್ರಭಾವಕ್ಕೆ ಬೆಂಗಳೂರಿನ ಕಾಲ್ ಸೆಂಟರ್‌ಗಳಲ್ಲಿ ಹೀಗೆ ಹೇಳುತ್ತಾರೆ. ಯಾವ ಪದ ತಿಳಿಯಲಿಲ್ಲ, ಯಾರಿಗೆ ತಿಳಿಯಲಿಲ್ಲ, ಏನೂ ಬರೆದಿರಲಿಲ್ಲ. ತಿದ್ದಿಕೊಳ್ಳಲು ಏನನ್ನೂ ಕೊಡದ ಇಂಥ ಸಾಲನ್ನು ಬರೆಯಲೇಬಾರದು.

ಅಲ್ಲಿಂದ ಅವರು ಆಕ್ಸೆಂಟ್ ಕ್ಲಾಸಿಗೆ ಸೇರಿದರು. ‘ವಾಟರ್’ ಅನ್ನು ‘ವಾಡರ್’ ಎನ್ನುವುದು, ‘ರ’ ಬಂದಲ್ಲೆಲ್ಲ ನಾಲಿಗೆ ಮಡಿಸುವುದು ಕಲಿತರು. ಗಾಬರಿಗೆ ಮಾತು ಇನ್ನೂ ಜೋರಾಗಿ ಓಡಿತು. ಕೇಳುವವರಿಗೆ ಮೊದಲಿಗಿಂತ ಕಡಿಮೆ ಅರ್ಥವಾಯಿತು. ಕಾಲ್ ಇರುವ ದಿನ ಊಟ ಸೇರುತ್ತಿರಲಿಲ್ಲ. ಆಫೀಸಿನಲ್ಲಿ ಅವ್ವನ ಫೋನ್ ಬಂದರೆ ಮೆಟ್ಟಿಲ ಹತ್ತಿರ ಹೋಗಿ ಪಿಸುಗುಡುತ್ತಿದ್ದರು. ಮನೆಯಲ್ಲಿ ಪುಟ್ಟ ಮಗಳ ಜೊತೆ ಇಂಗ್ಲಿಷ್ ಮಾತ್ರ.

‘ಈ ಹಳ್ಳಿ ನಾಲಿಗೆ ಹೋಗಬೇಕು ಮೇಡಂ, ಅಷ್ಟು ಮಾಡಿಕೊಡಿ’ ಎಂದರು.

ನಾನು ಕೇಳಿದೆ: ‘ನಿಮಗೆ ಬೇಕಾಗಿರೋದು ಅಮೆರಿಕದವರ ಥರ ಕೇಳಿಸೋದಾ, ಅವರಿಗೆ ನಿಮ್ಮ ಮಾತು ತಿಳಿಯೋದಾ?’

ಇವೆರಡೂ ಬೇರೆ ಬೇರೆ. ಕೆನಡಾದ ಸಂಶೋಧಕರಾದ ಮನ್ರೊ ಮತ್ತು ಡರ್ವಿಂಗ್ 1995ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮ್ಯಾಂಡರಿನ್ ಮನೆಮಾತಿನವರ ಇಂಗ್ಲಿಷನ್ನು ಇಂಗ್ಲಿಷ್ ಮನೆಮಾತಿನವರಿಗೆ ಕೇಳಿಸಿ, ಕೇಳಿದ್ದನ್ನು ಬರೆಸಿದರು. ಆಕ್ಸೆಂಟ್ ತುಂಬಾ ಇದೆ ಎಂದು ಅವರೇ ಅಂಕ ಹಾಕಿದ ವಾಕ್ಯಗಳನ್ನೂ ಎಷ್ಟೋ ಸಲ ಒಂದು ಪದ ತಪ್ಪದೆ ಬರೆದಿದ್ದರು. ಇದನ್ನು ಹೇಳಿದಾಗ ಆ ಹೆಣ್ಣುಮಗಳು ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ ‘ಹಾಗಾದರೆ ಎಲ್ಲ ಬದಲಾಯಿಸೋದು ಬೇಡ್ವಾ?’ ಎಂದರು. ಬೇಡವೇ ಬೇಡ ಎಂದೆ. ದೊಡ್ಡವರಾದ ಮೇಲೆ ಆಕ್ಸೆಂಟನ್ನು ಪೂರ್ತಿ ಅಳಿಸುವುದು ತೀರಾ ಅಪರೂಪ. ಅದಕ್ಕೆ ಜೀವ ತೇಯುವುದು ನಷ್ಟ.

ಉಚ್ಚಾರಣೆಗೆ ನನಗೆ ಪರಿಚಯದ ಇಂಗ್ಲಿಷ್ ಶಿಕ್ಷಕಿಯೊಬ್ಬರ ನೆರವು ಪಡೆದೆವು. ಕಾಲ್‌ಗಳಲ್ಲಿ ದಿನಾ ಬರುವ ಪದಗಳನ್ನಷ್ಟೇ ಪಟ್ಟಿ ಮಾಡಿಸಿದರು. ಮೊದಲು ಒತ್ತು. ಕನ್ನಡದಲ್ಲಿ ಎಲ್ಲ ಅಕ್ಷರಕ್ಕೂ ಹೆಚ್ಚುಕಡಿಮೆ ಒಂದೇ ತೂಕ. ಇಂಗ್ಲಿಷಿನಲ್ಲಿ ಒಂದು ತುಂಡು ಜೋರಾಗಿ, ಉದ್ದವಾಗಿ ಬರುತ್ತದೆ, ಉಳಿದವು ಕುಗ್ಗುತ್ತವೆ. ‘ಅಮೌಂಟ್’ನಲ್ಲಿ ‘ಮೌಂಟ್’ಗೆ ಒತ್ತು, ಮೊದಲ ‘ಅ’ ಅರೆಬರೆ. ‘ಇನ್ವಾಯ್ಸ್’, ‘ಪೇಮೆಂಟ್’ಗಳಲ್ಲಿ ಮೊದಲ ತುಂಡಿಗೆ. ‘ಫಿಫ್ಟೀನ್’ ಎನ್ನುವಾಗ ‘ಟೀನ್’ ಎಳೆಯಬೇಕು, ‘ಫಿಫ್ಟಿ’ಯಲ್ಲಿ ‘ಫಿಫ್’ ಒತ್ತಬೇಕು. ಹಣದ ವಿಷಯವಾದ್ದರಿಂದ, ಹಿಂದೆಯೇ ‘ಒನ್ ಫೈವ್’ ಎಂದು ಅಂಕಿ ಬಿಡಿಸಿ ಹೇಳಿಬಿಡಿ ಎಂದೂ ತಿಳಿಸಿದರು. ಯಾವ ಆಕ್ಸೆಂಟಿನವರಿಗೂ ಇದು ಒಳ್ಳೆಯ ಅಭ್ಯಾಸ.

ಆಮೇಲೆ ಕೆಲವೇ ಧ್ವನಿಗಳು. ಹಳೇ ಮೈಸೂರು ಕಡೆ ‘ಹಾಲು’ ಎಷ್ಟೋ ಬಾಯಲ್ಲಿ ‘ಆಲು’ ಆಗುತ್ತದಲ್ಲ, ಹಾಗೆ ಇವರ ‘ಹೋಲ್ಡ್’ ‘ಓಲ್ಡ್’ ಆಗುತ್ತಿತ್ತು. ತಡೆಹಿಡಿದ ಪೇಮೆಂಟ್ ಹಳೇ ಪೇಮೆಂಟ್ ಆಗಿಬಿಟ್ಟರೆ ಗೊಂದಲವೇ ಅಲ್ವಾ? ಪದದ ಮೊದಲಲ್ಲಿ ಬರುವ ಪ, ಕ, ಟ ಧ್ವನಿಗಳಿಗೆ ಇಂಗ್ಲಿಷಿನವರು ಉಸಿರು ಸೇರಿಸುತ್ತಾರೆ. ಸೇರಿಸದಿದ್ದರೆ ‘ಪಿನ್’ ಅವರ ಕಿವಿಗೆ ‘ಬಿನ್’ ಆಗಬಹುದು. ನಮಗೆ ಇದು ಕಷ್ಟವಲ್ಲ, ಶಾಲೆಯಲ್ಲಿ ಕಲಿತ ಮಹಾಪ್ರಾಣವೇ. ಬಾಯಿ ಮುಂದೆ ಕಾಗದದ ಚೂರು ಹಿಡಿದು ‘ಪೇಮೆಂಟ್’ ಅಂದರೆ ಕಾಗದ ಅಲುಗಬೇಕು. ‘ಸ್ಪೆಂಡ್’ನಲ್ಲಿ ‘ಸ’ ಮುಂದಿರುವುದರಿಂದ ಆ ಉಸಿರು ಬೇಡ. ‘ವೆಂಡರ್’ಗೆ ಮೇಲಿನ ಹಲ್ಲು ಕೆಳತುಟಿಗೆ ತಾಗಲಿ, ‘ವೀಕ್’ಗೆ ತುಟಿ ದುಂಡಗಾಗಲಿ. ‘ಕ್ರೆಡಿಟ್ಟು’, ‘ಟ್ಯಾಕ್ಸು’ ಎಂದು ಕೊನೆಗೆ ಉಕಾರ ಸೇರುವುದನ್ನು ಅವರೇ ರೆಕಾರ್ಡಿಂಗ್ ಕೇಳಿ ಹಿಡಿದರು.

ನನ್ನ ಪಾಲಿನ ಕೆಲಸ ಗಾಬರಿಯದ್ದು. ‘ಸಾರಿ, ಮತ್ತೆ ಹೇಳಿ’ ಎಂದಾಗ ಅವರಿಗೆ ಆ ನಗುವೇ ನೆನಪಾಗುತ್ತಿತ್ತು. ಹಾಗೆ ಕೇಳುವವರು ನಿಮ್ಮ ಮಾತು ತಿಳಿಯಬೇಕು ಅಂತಲೇ ಕೇಳುತ್ತಿದ್ದಾರೆ ಎಂದೆ. ಆಗ ದನಿ ಏರಿಸುವುದು ಬೇಡ, ಅದೇ ವಾಕ್ಯವನ್ನು ಅದೇ ವೇಗದಲ್ಲಿ ಹೇಳುವುದೂ ಬೇಡ. ಒಂದು ಉಸಿರು ಬಿಟ್ಟು, ಬೇರೆ ಪದದಲ್ಲಿ, ಚಿಕ್ಕದಾಗಿ ಹೇಳಬೇಕು. ಇದನ್ನು ನನ್ನ ಕೋಣೆಯಲ್ಲೇ ಆಡಿ ನೋಡಿದೆವು. ಮ್ಯಾನೇಜರ್ ಹತ್ತಿರ ಹೋಗಿ ‘ಯಾವ ಪದ ತಿಳಿಯಲಿಲ್ಲ, ಹೇಳಿ ಸಾರ್, ಸರಿಮಾಡ್ಕೊಳ್ತೀನಿ’ ಎಂದು ಕೇಳಲು ಹೇಳಿದೆ. ಕೇಳಿದರು. ಮ್ಯಾನೇಜರಿಗೆ ನೆನಪಾದದ್ದು ಮೂರೋ ನಾಲ್ಕೋ ಪದ.

ಮಗಳ ವಿಷಯದಲ್ಲಿ ಮಾತ್ರ ಖಡಾಖಂಡಿತವಾಗಿ ಹೇಳಿದೆ: ಮನೆಯಲ್ಲಿ ಕನ್ನಡ ನಿಲ್ಲಿಸಬೇಡಿ. ಮಗು ಎರಡು ಭಾಷೆಯನ್ನೂ ಕಲಿಯಬಲ್ಲದು. ಅಜ್ಜಿಯ ಜೊತೆ ಆಡುವ ಮಾತನ್ನು ಅದರಿಂದ ಕಿತ್ತುಕೊಳ್ಳುವುದು ಅನ್ಯಾಯ. ಇದಕ್ಕೆ ಅವರು ತಕ್ಷಣ ಒಪ್ಪಲಿಲ್ಲ. ಶಾಲೆಯ ಸಂದರ್ಶನದ ಭಯ ಇನ್ನೂ ಇದೆ.

ಕಾಲ್‌ನಲ್ಲಿ ಈಗ ಮಾತಾಡುತ್ತಾರೆ. ‘ಮತ್ತೆ ಹೇಳಿ’ ಅನ್ನುವುದು ಪೂರ್ತಿ ನಿಂತಿಲ್ಲ. ಮೊನ್ನೆ ಹೊಸ ತೊಂದರೆ ತಂದರು. ಐರ್ಲೆಂಡಿನ ಗ್ರಾಹಕರು ಸೇರಿದ್ದಾರೆ, ಅವರ ಇಂಗ್ಲಿಷ್ ಇವರಿಗೇ ತಿಳಿಯುತ್ತಿಲ್ಲ. ಕಂಪನಿಯ ಅನುಮತಿ ಪಡೆದು ರೆಕಾರ್ಡ್ ಆದ ಕಾಲ್‌ಗಳನ್ನು ಮತ್ತೆ ಕೇಳಿ, ಮೊದಲು ಅಂಕಿಗಳಿಗೆ ಕಿವಿ ಹೊಂದಿಸಿಕೊಳ್ಳಿ ಎಂದಿದ್ದೇನೆ. ತಿಳಿಯದಿದ್ದರೆ ಸಂಕೋಚಪಡದೆ ‘ಇನ್ನೊಂದು ಸಲ ಹೇಳಿ’ ಎಂದು ಅವರನ್ನೇ ಕೇಳಿ ಎಂದೂ ಹೇಳಿದ್ದೇನೆ.