ಆಫೀಸ್ ಕೆಲಸಕ್ಕೆ ಮೊದಲ ಸಲ ಕ್ಯಾಲಿಫೋರ್ನಿಯಾಗೆ ಹೊರಟಿದ್ದೇನೆ, ಪ್ರಯಾಣ ಮತ್ತು ಹೋಟೆಲ್ ಹೇಗೆ ನಿಭಾಯಿಸುವುದು?

ಬೆಂಗಳೂರಿಂದ ಫ್ರಾಂಕ್‌ಫರ್ಟ್ ಮೇಲೆ ಸ್ಯಾನ್ ಫ್ರಾನ್ಸಿಸ್ಕೋ, ಅಲ್ಲಿಂದ ಸ್ಯಾನ್ ಹೋಸೆಯಲ್ಲಿ ಮೂರು ವಾರ ಹೋಟೆಲ್, ಇಳಿದ ಮರುದಿನ ಬೆಳಗ್ಗೆಯೇ ಮೀಟಿಂಗ್ ಅಂತ ಬರೆದಿದ್ದೀರಿ. ಇದೇ ದಾರಿಯಲ್ಲಿ ನಾಲ್ಕು ಸಲ ಹೋಗಿ ಬಂದಿದ್ದೇನೆ. ಒಂದೇ ಒಂದು ಮಾತು ನೆನಪಿಟ್ಟುಕೊಳ್ಳಿ ಅಂದರೆ ಇದನ್ನೇ ಹೇಳುತ್ತೇನೆ: ಇಳಿದ ದಿನ ರಾತ್ರಿ ಒಂಬತ್ತರವರೆಗೆ ಮಲಗಬೇಡಿ.

ಫ್ರಾಂಕ್‌ಫರ್ಟ್‌ವರೆಗೆ ಸುಮಾರು 10 ಗಂಟೆ, ಅಲ್ಲಿಂದ ಮುಂದೆ 11-12 ಗಂಟೆ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಹನ್ನೆರಡೂವರೆ ಗಂಟೆ ಹಿಂದೆ ಇರುವುದರಿಂದ, ಬೆಳಗಿನ ಜಾವ ಹೊರಟವರು ಅದೇ ತಾರೀಖಿನ ಮಧ್ಯಾಹ್ನ ಇಳಿಯುತ್ತೀರಿ. ವಿಮಾನದೊಳಗಿನ ಗಾಳಿ ತುಂಬಾ ಒಣಗಿರುತ್ತದೆ, ಕೇಳಿ ಕೇಳಿ ನೀರು ಕುಡಿಯಿರಿ, ಎರಡು ಗಂಟೆಗೊಮ್ಮೆ ಎದ್ದು ಓಡಾಡಿ. ಕಂಪನಿಯ ಇನ್ವಿಟೇಶನ್ ಲೆಟರ್, ಹೋಟೆಲ್ ವಿಳಾಸ ಎರಡನ್ನೂ ಕಾಗದದಲ್ಲೇ ಇಟ್ಟುಕೊಳ್ಳಿ. ಇಮಿಗ್ರೇಶನ್ ಸಾಲಿನಲ್ಲಿ ನಿಂತಾಗ ಫೋನ್ ಚಾರ್ಜ್ ಇರುತ್ತದೆ ಅಂತ ನಂಬಿಕೊಳ್ಳುವ ಹಾಗಿಲ್ಲ. ಮನೆಯವರು ಪ್ರೀತಿಯಿಂದ ಹಸಿ ಕರಿಬೇವು, ಹಣ್ಣು ಕಟ್ಟಿಕೊಟ್ಟರೆ ದಯವಿಟ್ಟು ಬಿಟ್ಟು ಹೋಗಿ, ಅಲ್ಲಿ ಒಳಗೆ ಬಿಡುವುದಿಲ್ಲ. ಚಟ್ನಿಪುಡಿ, ಕೋಡುಬಳೆ ನಾನು ಪ್ರತಿ ಸಲ ಒಯ್ದಿದ್ದೇನೆ. ತಿಂಡಿ ಇದೆಯಾ ಅಂತ ಕೇಳಿದಾಗ ಮುಚ್ಚಿಡದೆ ಇದೆ ಅಂದುಬಿಡಿ, ಅಷ್ಟೇ.

ಇನ್ನು ಹೋಟೆಲ್. ಚೆಕ್-ಇನ್ ಸಾಮಾನ್ಯವಾಗಿ ಮಧ್ಯಾಹ್ನ ಮೂರಕ್ಕೆ. ಕೌಂಟರ್‌ನಲ್ಲಿ ಕ್ರೆಡಿಟ್ ಕಾರ್ಡನ್ನೇ ಕೊಡಿ. ಮೊದಲ ಸಲ ನಾನು ಫಾರೆಕ್ಸ್ ಕಾರ್ಡ್, ಅಂದರೆ ಮೊದಲೇ ಡಾಲರ್ ತುಂಬಿಸಿಟ್ಟ ಕಾರ್ಡ್ ಕೊಟ್ಟೆ. ಬಾಡಿಗೆಯನ್ನು ಕಂಪನಿಯೇ ಕಟ್ಟಿತ್ತು, ಆದರೂ ಡಿಪಾಸಿಟ್ ಅಂತ ಅದರಲ್ಲಿದ್ದ ದುಡ್ಡಿನ ದೊಡ್ಡ ಪಾಲನ್ನು ಹೋಟೆಲ್‌ನವರು ಹಿಡಿದಿಟ್ಟರು. ಊಟಕ್ಕೆ ಅಂತ ಇಟ್ಟುಕೊಂಡಿದ್ದ ದುಡ್ಡದು. ಅದು ವಾಪಸ್ ಸಿಕ್ಕಿದ್ದು ಊರಿಗೆ ಬಂದು ವಾರ ಕಳೆದ ಮೇಲೆ. ಅದುವರೆಗೆ ಸಹೋದ್ಯೋಗಿಯ ಹತ್ತಿರ ಸಾಲ ಕೇಳಿದ ಸಂಕಟ ನಿಮಗೆ ಬೇಡ.

ರೂಮಿಗೆ ಹೋದ ತಕ್ಷಣ ಹಾಸಿಗೆ ಮೇಲೆ ಕೂರಬೇಡಿ. ಕೂತರೆ ಮುಗಿಯಿತು. ಸ್ನಾನ ಮಾಡಿ; ಟಬ್ಬಿನ ಪರದೆಯ ಅಂಚು ಟಬ್ಬಿನ ಒಳಗೆ ಇರಲಿ, ಹೊರಗೆ ಬಿಟ್ಟರೆ ಬಚ್ಚಲಿನ ನೆಲವೆಲ್ಲ ನೀರಾಗುತ್ತದೆ. ಬಕೆಟ್ಟು, ಚೊಂಬು ಇರುವುದಿಲ್ಲ, ಒಂದು ಪ್ಲಾಸ್ಟಿಕ್ ಮಗ್ ಪೆಟ್ಟಿಗೆಯಲ್ಲಿ ಹಾಕಿಕೊಳ್ಳಿ. ಏಸಿ ಫ್ಯಾರನ್‌ಹೀಟ್ ಲೆಕ್ಕದಲ್ಲಿ ತೋರಿಸುತ್ತದೆ, 72 ಅಂದರೆ ನಮ್ಮ 22. ದೇವರ ಫೋಟೋ ಇಟ್ಟುಕೊಳ್ಳಿ, ಊದುಬತ್ತಿ ಮಾತ್ರ ಹಚ್ಚಬೇಡಿ, ಹೊಗೆ ಅಲಾರಂ ಹೊಡೆದುಕೊಳ್ಳುತ್ತದೆ.

ಇಲ್ಲಿಂದ ಎಲೆಕ್ಟ್ರಿಕ್ ಕೆಟಲ್, ರೈಸ್ ಕುಕ್ಕರ್ ಹೊತ್ತುಕೊಂಡು ಹೋಗಬೇಡಿ. ಅಲ್ಲಿನ ಕರೆಂಟು 120 ವೋಲ್ಟ್, ನಮ್ಮದು 230. ವೋಲ್ಟೇಜ್ ಅರ್ಧದಷ್ಟಾದರೆ ಕಾವು ಕಾಲುಭಾಗಕ್ಕೆ ಇಳಿಯುತ್ತದೆ, 1500 ವಾಟಿನ ಕೆಟಲ್ 400 ವಾಟಿನಷ್ಟು ಕೆಲಸ ಮಾಡುತ್ತದೆ. ನೀರು ಬಿಸಿಯಾಗುವುದನ್ನು ಕಾಯುವುದರಲ್ಲೇ ಹೊತ್ತು ಹೋಗುತ್ತದೆ. ಫೋನ್, ಲ್ಯಾಪ್‌ಟಾಪ್ ಚಾರ್ಜರ್ ಮೇಲೆ 100-240 ಅಂತ ಬರೆದಿದ್ದರೆ ಚಪ್ಪಟೆ ಪಿನ್ನಿನ ಅಡಾಪ್ಟರ್ ಒಂದು ಸಾಕು.

ಸ್ನಾನವಾದ ಮೇಲೆ ಹೊರಗೆ ಹೋಗಿ. ಹಗಲು ರಾತ್ರಿಯ ಲೆಕ್ಕವನ್ನು ಮೈ ಕಲಿಯುವುದು ಮುಖ್ಯವಾಗಿ ಕಣ್ಣಿಗೆ ಬೀಳುವ ಬೆಳಕಿನಿಂದ. ಪರದೆ ಎಳೆದುಕೊಂಡು ರೂಮಿನಲ್ಲಿ ಕೂತರೆ ಮೈ ಇನ್ನೂ ಬೆಂಗಳೂರಿನಲ್ಲೇ ಇರುತ್ತದೆ. ಹತ್ತಿರದ ಅಂಗಡಿಗೆ ನಡೆದು ಹೋಗಿ ಹಾಲು, ಮೊಸರು, ಬಾಳೆಹಣ್ಣು ತನ್ನಿ. ಊಟದ ಚಿಂತೆಯಿದ್ದರೆ ಪಕ್ಕದ ಸನ್ನಿವೇಲ್‌ನಲ್ಲಿ ಎಲ್ ಕಮಿನೋ ರಿಯಲ್ ರಸ್ತೆಯುದ್ದಕ್ಕೂ ಇಡ್ಲಿ, ದೋಸೆ ಸಿಗುತ್ತದೆ. ಅಲ್ಲಿ ಸಂಜೆ ಏಳು ಗಂಟೆಯಾದಾಗ ಬೆಂಗಳೂರಿನಲ್ಲಿ ಬೆಳಗ್ಗೆ ಏಳೂವರೆ, ಇಡೀ ರಾತ್ರಿ ನಿದ್ದೆ ಬಿಟ್ಟ ಮೈ ಅದು. ಕಣ್ಣು ಎಳೆಯುತ್ತದೆ, ತಲೆ ತೂಗುತ್ತದೆ. ಎರಡನೇ ಸಲ ಹೋದಾಗ ಆ ಹೊತ್ತಿಗೆ ಮಲಗಿದ್ದಕ್ಕೇ ನಾನು ರಾತ್ರಿ ಹನ್ನೊಂದಕ್ಕೆ ಎದ್ದು ಬೆಳಗಿನವರೆಗೆ ಸೂರು ನೋಡಿದೆ. ಮರುದಿನದ ಮೀಟಿಂಗಿನಲ್ಲಿ ನನ್ನದೇ ಸ್ಲೈಡ್ ಓದಲು ಕಣ್ಣು ಕೂಡಲಿಲ್ಲ, ಬಹಳ ಬೇಜಾರಾಯಿತು.

ಒಂಬತ್ತಕ್ಕೆ ಮಲಗಿದರೂ ಮೊದಲ ಎರಡು ಮೂರು ದಿನ ಮೂರು ಗಂಟೆಗೆ ಎಚ್ಚರವಾಗುತ್ತದೆ. ಗಾಬರಿ ಬೇಡ. ದೊಡ್ಡ ದೀಪ ಹಾಕದೆ, ಬಿಸಿನೀರು ಹಾಕಿದರೆ ಸಾಕಾಗುವ ಉಪ್ಪಿಟ್ಟಿನ ಪ್ಯಾಕೆಟ್ ಒಂದನ್ನು ಬಿಚ್ಚಿ. ರೂಮಿನ ಕಾಫಿ ಮೆಷಿನ್‌ನಲ್ಲಿ ಒಂದು ಸಲ ಬರೀ ನೀರು ಹಾಯಿಸಿ ಚೆಲ್ಲಿ, ಎರಡನೇ ಸಲದ ನೀರು ತೆಗೆದುಕೊಳ್ಳಿ. ಇಲ್ಲದಿದ್ದರೆ ಉಪ್ಪಿಟ್ಟಿಗೂ ಹಳೇ ಕಾಫಿಯ ವಾಸನೆ. ಪೇಪರ್ ಲೋಟವನ್ನು ಐದು ನಿಮಿಷ ಮುಚ್ಚಿಟ್ಟು, ಮೇಲೆ ಚಟ್ನಿಪುಡಿ ಉದುರಿಸಿಕೊಂಡು, ಕಿಟಕಿ ಹತ್ತಿರ ಕೂತು ಮನೆಗೆ ಫೋನ್ ಮಾಡಿ. ಅಲ್ಲಿ ಮಧ್ಯಾಹ್ನ ಮೂರೂವರೆ, ಅಮ್ಮ ಕಾಫಿಗೆ ಇಡುವ ಹೊತ್ತು. ತಿಂದು ಮತ್ತೆ ಮಲಗಿದರೆ ಐದೂವರೆವರೆಗೆ ಒಂದು ನಿದ್ದೆ ಬರುತ್ತದೆ.

ಈ ಲೆಕ್ಕ ಮಾರ್ಚ್‌ನಿಂದ ನವೆಂಬರ್ ಮೊದಲ ಭಾನುವಾರದವರೆಗೆ ಮಾತ್ರ. ಆಮೇಲೆ ಅವರು ಗಡಿಯಾರ ಒಂದು ಗಂಟೆ ಹಿಂದಕ್ಕೆ ಹಾಕುತ್ತಾರೆ, ಹನ್ನೆರಡೂವರೆ ಗಂಟೆಯ ಅಂತರ ಹದಿಮೂರೂವರೆ ಆಗುತ್ತದೆ. ನೀವು ಯಾವ ತಿಂಗಳು ಹೊರಡುತ್ತೀರಿ ಅಂತ ಬರೆದಿಲ್ಲ. ತಿಳಿಸಿದರೆ ಬಟ್ಟೆ ಏನೇನು ಬೇಕು ಅಂತಲೂ ಹೇಳುತ್ತೇನೆ.