ತೊಟ್ಟಿಗೆ ಗಾಜು ಮುಚ್ಚುವ ಮುನ್ನ

ಮೈಸೂರಿನ ನಿಮ್ಮ ತೊಟ್ಟಿ ಮನೆಯನ್ನು ಕೆಫೆಗೆ ಕೊಡುತ್ತಿದ್ದೀರಿ, ತೊಟ್ಟಿಯ, ಅಂದರೆ ಮನೆ ನಡುವಿನ ಬಯಲು ಅಂಗಳದ, ಮೇಲೆ ಗಾಜು ಹಾಕಿಸಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಪೂರ್ತಿ ಮುಚ್ಚಿಸಬೇಡಿ. ಸುತ್ತಲಿನ ಕೋಣೆಗಳ ಬಿಸಿಗಾಳಿ ಮೇಲೇರಿ ಹೋಗುವುದು ಅಲ್ಲಿಂದಲೇ. ಗಾಜು ಬಿಗಿದರೆ ಏಪ್ರಿಲ್ ಬಿಸಿಲಿಗೆ ಒಳಗೆ ಯಾರೂ ಕೂರಲಾರರು. ಮಳೆಯದೇ ಚಿಂತೆಯಾದರೆ ಹೆಂಚಿನ ಸೂರಿಗಿಂತ ಎರಡಡಿ ಎತ್ತರಿಸಿ, ನಾಲ್ಕೂ ಬದಿ ಗಾಳಿಗೆ ಬಿಟ್ಟು ಹಾಕಿಸಿ. ಕೆಳಗೆ ಕಲ್ಲುಚಪ್ಪಡಿಯಲ್ಲಿ ನೀರು ಹರಿಯುವ ಕಿಂಡಿಯನ್ನು ಟೈಲ್ಸ್ ಹಾಕುವವರು ಮುಚ್ಚಿಬಿಡದಂತೆ ನೋಡಿಕೊಳ್ಳಿ.

ಮಲೇಷ್ಯಾದ ಜಾರ್ಜ್‌ಟೌನಿನಲ್ಲಿ ಚಿಯಾಂಗ್ ಫಾಟ್ ಟ್ಸೆ ಎಂಬ ಚೀನೀ ವರ್ತಕ ಕಟ್ಟಿಸಿದ ನೀಲಿ ಮಹಲು ಈಗ ಹೋಟೆಲು. 38 ಕೋಣೆ, 5 ಅಂಗಳ. ದುರಸ್ತಿ ಮಾಡಿದವರು ಅಂಗಳಗಳನ್ನು ಬಯಲಾಗಿಯೇ ಉಳಿಸಿಕೊಂಡರು, ಗೋಡೆಗೆ ನೀಲಿ ಬೆರೆಸಿದ ಸುಣ್ಣವನ್ನೇ ಬಳಿದರು. 2000ದಲ್ಲಿ ಯುನೆಸ್ಕೊ ಪ್ರಶಸ್ತಿಯೂ ಬಂತು. ಅವರ ದಾರಿಯೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ನಿಮ್ಮದೂ ಸುಣ್ಣದ ಗಾರೆಯ ಗೋಡೆಯಾದರೆ ಸಿಮೆಂಟ್ ಬೇಡವೇ ಬೇಡ. ತೇವ ಹೊರಬರಲಾಗದೆ ಒಳಗೇ ನಿಂತು, ಪ್ಲಾಸ್ಟರ್ ಹಪ್ಪಳದಂತೆ ಎದ್ದು ಬರುತ್ತದೆ. ಅಡುಗೆಯನ್ನು ಹಿತ್ತಲಿಗೆ ಸಾಗಿಸಲು ಬಾಡಿಗೆ ಕರಾರಿನಲ್ಲೇ ಬರೆಸಿ. ಎಣ್ಣೆಹೊಗೆಯ ಜಿಡ್ಡು ಕಂಬಗಳ ಕೆತ್ತನೆಗೆ ಹತ್ತಿದರೆ ತೆಗೆಯುವುದು ಬಹಳ ಕಷ್ಟ.