ಅಂಪೈರಿಂಗ್ ದುಡ್ಡಿಗೆ ತೆರಿಗೆ, ಖರ್ಚು ಕಳೆಯೋದು ಹೇಗೆ? ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಸಾರ್, ನಾನು ಬ್ಯಾಂಕ್ ಉದ್ಯೋಗಿ, ಶನಿವಾರ ಭಾನುವಾರ ಕ್ರಿಕೆಟ್ ಅಂಪೈರಿಂಗ್ ಮಾಡ್ತೀನಿ, ಅಸೋಸಿಯೇಷನ್ ಪ್ಯಾನೆಲ್‌ನಲ್ಲಿ ಹೆಸರಿದೆ. 2025-26ರಲ್ಲಿ ಅಸೋಸಿಯೇಷನ್‌ನಿಂದ 72,000 ರೂ. ಬಂತು, ಅದ್ರಲ್ಲಿ 7,200 ಟಿಡಿಎಸ್ (ದುಡ್ಡು ಕೊಡುವಾಗ್ಲೇ ಮುರಿಯೋ ತೆರಿಗೆ) ಹಿಡಿದಿದಾರೆ. ಬೇರೆ ಚಿಕ್ಕ ಟೂರ್ನಮೆಂಟ್‌ಗಳಿಂದ 18,000 ಬಂತು, ಅದಕ್ಕೆ ಟಿಡಿಎಸ್ ಇಲ್ಲ. ಆದ್ರೆ ಓಡಾಟ, ರೂಮು, ಯೂನಿಫಾರ್ಮು, ಶೂ ಅಂತ ನನ್ನ ಕೈಯಿಂದಾನೇ 37,000 ಖರ್ಚಾಗಿದೆ. ಇದನ್ನ ಕಳೀಬಹುದಾ? ಸಂಬಳದವರಿಗೆ ಖರ್ಚು ಕಳೆಯೋಕೆ ಬರಲ್ಲ ಅಂತ ನನ್ನ ಸಹೋದ್ಯೋಗಿ ಹೇಳ್ತಾರೆ. ಹೋಮ್ ಲೋನ್ ಇರೋದ್ರಿಂದ ನಾನು ಹಳೇ ತೆರಿಗೆ ಪದ್ಧತಿಯಲ್ಲೇ ಇದೀನಿ, 20 ಪರ್ಸೆಂಟ್ ಸ್ಲ್ಯಾಬ್.

ಉತ್ತರ: ಕಳೀಬಹುದು, ಕಳೀಲೇಬೇಕು ಅಂತೀನಿ ನಾನು. ನಿಮ್ಮ ಸಹೋದ್ಯೋಗಿ ಹೇಳಿದ್ದು ಸಂಬಳದ ಮಟ್ಟಿಗೆ ಸರಿ, ಅಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ ಅಂತ ಒಂದು ಮೊತ್ತ ಕೊಟ್ಟು ಮುಗಿಸ್ತಾರೆ, ಹಳೇ ಪದ್ಧತಿಯಲ್ಲಿ 50,000, ಹೊಸದ್ರಲ್ಲಿ 75,000. ಆದ್ರೆ ಅಂಪೈರಿಂಗ್ ಫೀ ಸಂಬಳ ಅಲ್ವಲ್ಲ, ಅಸೋಸಿಯೇಷನ್ ನಿಮಗೆ ಮಾಲೀಕ ಅಲ್ಲ, ಮ್ಯಾಚ್‌ಗೆ ಇಷ್ಟು ಅಂತ ಕೊಡುತ್ತೆ ಅಷ್ಟೆ. 2008ರ ಆಗಸ್ಟ್‌ನಲ್ಲೇ ನೇರ ತೆರಿಗೆ ಮಂಡಳಿ ಒಂದು ಅಧಿಸೂಚನೆ ಹೊರಡಿಸಿ ಆಟಗಾರರು, ಅಂಪೈರ್ ರೆಫ್ರಿಗಳು, ಕೋಚ್‌ಗಳು, ಕಾಮೆಂಟೇಟರ್‌ಗಳು ಇವರನ್ನೆಲ್ಲ ಆದಾಯ ತೆರಿಗೆ ಕಾಯ್ದೆಯ 194ಜೆ ಸೆಕ್ಷನ್‌ನ (ವೃತ್ತಿಪರರ ಫೀಗೆ ಟಿಡಿಎಸ್ ಹಿಡಿಯೋ ಸೆಕ್ಷನ್) ಮಟ್ಟಿಗೆ ವೃತ್ತಿಪರರು ಅಂತ ಸೇರಿಸ್ತು, ಅದಕ್ಕೇ ನಿಮಗೆ 10 ಪರ್ಸೆಂಟ್ ಟಿಡಿಎಸ್ ಹಿಡಿದಿರೋದು. ಈಗ ಒಬ್ಬರೇ ಕೊಡೋರಿಂದ ವರ್ಷಕ್ಕೆ 50,000 ದಾಟಿದ್ರೆ ಮಾತ್ರ ಹಿಡೀಬೇಕು, 2025 ಮಾರ್ಚ್‌ವರೆಗೆ ಈ ಮಿತಿ 30,000 ಇತ್ತು. ಚಿಕ್ಕ ಟೂರ್ನಮೆಂಟ್‌ನವರು ಹಿಡೀಲಿಲ್ಲ ಅಂದಮಾತ್ರಕ್ಕೆ ಆ 18,000ಕ್ಕೆ ತೆರಿಗೆ ಇಲ್ಲ ಅಂತಲ್ಲ, ಕವರಲ್ಲಿ ಹಾಕಿ ಗೌರವಧನ ಅಂತ ಕೊಟ್ಟಿದ್ರೂ ಅದು ಆದಾಯನೇ, ಸೇರಿಸಿ ತೋರಿಸಿ.

ಈಗ ಲೆಕ್ಕ ನೋಡಿ. ಒಟ್ಟು 90,000, ಖರ್ಚು 37,000 ಪೂರ್ತಿ ಒಪ್ಪಿಗೆ ಆಗೋ ಥರದ್ದೇ ಅಂತಿಟ್ಕೊಂಡ್ರೆ ಉಳಿಯೋದು 53,000. ಅದಕ್ಕೆ 20 ಪರ್ಸೆಂಟ್ ಅಂದ್ರೆ 10,600, ಮೇಲೆ 4 ಪರ್ಸೆಂಟ್ ಸೆಸ್ 424, ಒಟ್ಟು 11,024. ಖರ್ಚು ಕಳೀದೆ ಇದ್ರೆ ಇದೇ 18,720 ಆಗ್ತಿತ್ತು. 7,696 ರೂಪಾಯಿ ವ್ಯತ್ಯಾಸ, ಬಿಸಿಲಲ್ಲಿ ಇಡೀ ದಿನ ನಿಂತು ದುಡಿದ ದುಡ್ಡು, ಸುಮ್ನೆ ಬಿಟ್ಟುಕೊಡೋ ಅಗತ್ಯ ಇಲ್ಲ. 7,200 ಆಗ್ಲೇ ಟಿಡಿಎಸ್ ಹೋಗಿರೋದ್ರಿಂದ ಇನ್ನು ಕಟ್ಟಬೇಕಾಗಿರೋದು 3,824. ಬಡ್ಡಿ, ಬಾಡಿಗೆ ಎಲ್ಲ ಸೇರಿಸಿ ಟಿಡಿಎಸ್ ಕಳೆದು ಬಾಕಿ 10,000 ಅಥವಾ ಜಾಸ್ತಿ ಆದ್ರೆ ಮುಂಗಡ ತೆರಿಗೆ ಕಟ್ಟಬೇಕಿತ್ತು, ನಿಮ್ಮದು ಅಷ್ಟಿಲ್ಲ.

ತುಂಬಾ ಜನ ಏನ್ ಮಾಡ್ತಾರೆ ಅಂದ್ರೆ ತಾವೇ ಮನಸ್ಸಲ್ಲಿ ಖರ್ಚು ಕಳೆದು ಉಳಿದಿದ್ದನ್ನ ಮಾತ್ರ ರಿಟರ್ನ್‌ನಲ್ಲಿ ಬರೀತಾರೆ. ಹಾಗೆ ಮಾಡ್ಬೇಡಿ. ಇಲಾಖೆ ಹತ್ರ ಇರೋ 26ಎಎಸ್‌ನಲ್ಲಿ (ನಿಮ್ಮ ಪ್ಯಾನ್‌ಗೆ ಹಿಡಿದ ಟಿಡಿಎಸ್ ಪಟ್ಟಿ), ಎಐಎಸ್‌ನಲ್ಲಿ (ವರ್ಷದ ವಹಿವಾಟಿನ ಮಾಹಿತಿ ಪಟ್ಟಿ) 72,000 ಅಂತ ಕೂತಿರುತ್ತೆ, ನೀವು 53,000 ಮಾತ್ರ ಬಂದಿದೆ ಅಂದ್ರೆ ತಾಳೆ ಆಗಲ್ಲ, ನೋಟಿಸ್ ಬರುತ್ತೆ. ಬಂದಿದ್ದು ಪೂರ್ತಿ 90,000 ತೋರಿಸಿ, ಆಮೇಲೆ ಅದ್ರ ಕೆಳಗೆ ಖರ್ಚು ಕಳೀರಿ.

ಯಾವ ಖರ್ಚು ಒಪ್ಪಿಗೆ ಆಗುತ್ತೆ ಅನ್ನೋದಕ್ಕೆ ಸೆಕ್ಷನ್ 37ರಲ್ಲಿ ಇರೋ ಅಳತೆಗೋಲು ಇಷ್ಟೇ: ಪೂರ್ತಿಯಾಗಿ ಆ ವೃತ್ತಿಗೋಸ್ಕರ ಮಾತ್ರ ಆಗಿರ್ಬೇಕು, ಸ್ವಂತದ್ದಾಗಿರ್ಬಾರ್ದು, ಆಸ್ತಿ ಮಾಡೋ ಥರದ ಖರ್ಚಾಗಿರ್ಬಾರ್ದು. ಅಸೋಸಿಯೇಷನ್ ಲೋಗೋ ಇರೋ ಟೀ ಶರ್ಟು, ಅಂಪೈರ್ ಹ್ಯಾಟು, ಬಾಲ್ ಎಣಿಸೋ ಕೌಂಟರು ಇವಕ್ಕೆ ಯಾರೂ ತಕರಾರು ಮಾಡಲ್ಲ. ಕಪ್ಪು ಪ್ಯಾಂಟು ಬಂದಾಗ ಮಾತ್ರ ಕಷ್ಟ, ಯಾಕಂದ್ರೆ ಅದನ್ನ ನೀವು ಸೋಮವಾರ ಬ್ಯಾಂಕಿಗೂ ಹಾಕ್ಕೊಂಡು ಹೋಗಬಹುದು. 1983ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ಮುಂದೆ ಒಬ್ಬ ಮಹಿಳಾ ಬ್ಯಾರಿಸ್ಟರ್ ಕೋರ್ಟಿಗೆ ಅಂತಲೇ ತಗೊಂಡ ಕಪ್ಪು ಬಟ್ಟೆ ಖರ್ಚಿನ ಕೇಸು ಬಂದಿತ್ತು, ಮೈ ಮುಚ್ಚೋಕೂ ಅದು ಬೇಕಲ್ಲ ಅಂತ ಹೇಳಿ ಒಪ್ಪಲಿಲ್ಲ. ನಮ್ಮಲ್ಲಿ ಆ ತೀರ್ಪು ಕಡ್ಡಾಯ ಅಲ್ಲ, ಆದ್ರೆ ಅಧಿಕಾರಿ ಯೋಚನೆ ಮಾಡೋ ದಾರಿ ಅದೇ ಇರುತ್ತೆ. ಹಾಗಾಗಿ ಮೈದಾನಕ್ಕೆ ಅಂತಲೇ ಇಟ್ಟಿರೋ ಶೂ ಹಾಕಿ, ಎಲ್ಲಿಗೆ ಬೇಕಾದ್ರೂ ನಡೆಯೋ ಬಟ್ಟೆ ಬಿಡಿ ಅನ್ನೋದು ನನ್ನ ಸಲಹೆ.

ಓಡಾಟದ್ದೇ ದೊಡ್ಡ ಬಾಬ್ತು. ರೈಲು ಬಸ್ಸು ಟಿಕೆಟ್ ಆದ್ರೆ ಸುಲಭ, ಟಿಕೆಟ್ಟೇ ಸಾಕ್ಷಿ. ಸ್ವಂತ ಗಾಡಿ ಆದ್ರೆ ಕಿಲೋಮೀಟರ್‌ಗೆ ಇಷ್ಟು ಅಂತ ಸುಮ್ನೆ ಒಂದು ರೇಟ್ ಹಾಕ್ಕೊಳ್ಳೋಕೆ ಇಲ್ಲಿ ಬರಲ್ಲ, ನಿಜವಾದ ಖರ್ಚು ಬೇಕು. ಅದಕ್ಕೆ ಒಂದು ಡೈರಿ ಇಡಿ, ತಾರೀಕು, ಯಾವ ಮೈದಾನ, ಯಾವ ಮ್ಯಾಚು, ಹೊರಟಾಗ ಮೀಟರ್ ಎಷ್ಟಿತ್ತು ಬಂದಾಗ ಎಷ್ಟಿತ್ತು, ಇಷ್ಟು ಬರೆದ್ರೆ ಸಾಕು. ವರ್ಷಕ್ಕೆ ಗಾಡಿ 9,000 ಕಿ.ಮೀ. ಓಡಿ ಅದ್ರಲ್ಲಿ 3,000 ಮ್ಯಾಚಿಗೆ ಆದ್ರೆ ಪೆಟ್ರೋಲು, ಸರ್ವೀಸು, ಇನ್ಶೂರೆನ್ಸು ಎಲ್ಲದ್ರಲ್ಲೂ ಮೂರನೇ ಒಂದು ಭಾಗ, ಸವಕಳಿನೂ (ಗಾಡಿ ಹಳೇದಾಗ್ತಾ ಇಳಿಯೋ ಬೆಲೆ) ಅದೇ ಪಾಲು, ಕಾರಿಗೆ ಸವಕಳಿ ದರ ವರ್ಷಕ್ಕೆ 15 ಪರ್ಸೆಂಟ್. ದಾರಿಯಲ್ಲಿ ಸಿಗ್ನಲ್ ಜಂಪ್ ಮಾಡಿ ಕಟ್ಟಿದ ದಂಡ ಮಾತ್ರ ಸೇರಿಸ್ಬೇಡಿ, ಕಾನೂನು ಮುರಿದಿದ್ದಕ್ಕೆ ಆದ ಖರ್ಚನ್ನ ಕಾಯ್ದೆ ಒಪ್ಪಲ್ಲ.

ಬೇರೆ ಊರಲ್ಲಿ ಮ್ಯಾಚ್ ಇದ್ದು ರಾತ್ರಿ ಉಳ್ಕೊಂಡ್ರೆ ರೂಮ್ ಬಾಡಿಗೆ ಕಳೀಬಹುದು. ಆದ್ರೆ ಅಸೋಸಿಯೇಷನ್ ಆ ಬಿಲ್ ವಾಪಸ್ ಕೊಟ್ಟಿದ್ರೆ ಮತ್ತೆ ನೀವು ಕಳೆಯೋದು ತಪ್ಪು. ಡಿಎ (ದಿನಭತ್ಯೆ) ಅಂತ ದಿನಕ್ಕಿಷ್ಟು ಕೊಟ್ಟಿದ್ರೆ ಅದನ್ನೂ ಆದಾಯಕ್ಕೆ ಸೇರಿಸಿ ನಿಜವಾಗಿ ಖರ್ಚಾಗಿದ್ದನ್ನ ಕಳೀರಿ, ನೌಕರರಿಗೆ ದಿನಭತ್ಯೆ ಮೇಲೆ ಸಿಗೋ ವಿನಾಯಿತಿ ನಿಮಗೆ ಸಿಗಲ್ಲ ಯಾಕಂದ್ರೆ ನೀವು ಅವರ ನೌಕರ ಅಲ್ಲ. ಪ್ಯಾನೆಲ್ ನವೀಕರಣದ ಫೀ, ನಿಯಮ ಬದಲಾದಾಗ ನಡೆಯೋ ತರಬೇತಿ ಶಿಬಿರದ ಫೀ, ರೂಲ್ ಬುಕ್ ಎಲ್ಲ ಸರಿ. ಅಂಪೈರ್ ಆಗೋಕೆ ಮುಂಚೆ ಕಟ್ಟಿದ ಪರೀಕ್ಷೆ ಫೀ ಆಗಲ್ಲ, ಆಗ ವೃತ್ತಿ ಶುರುನೇ ಆಗಿರ್ಲಿಲ್ಲ. ಜಿಮ್ ಫೀ ಬಗ್ಗೆನೂ ಕೇಳ್ತಾರೆ, ಫಿಟ್‌ನೆಸ್ ಟೆಸ್ಟ್ ಇರುತ್ತಲ್ಲ ಅಂತ, ಆದ್ರೆ ಆರೋಗ್ಯ ನಿಮ್ಮ ಸ್ವಂತಕ್ಕೂ ಅಲ್ವಾ, ನಾನು ಹಾಕೋಕೆ ಹೇಳಲ್ಲ, ಕನ್ನಡಕನೂ ಅಷ್ಟೆ. ಇನ್ನೊಂದು, ಒಂದೇ ದಿನ ಒಬ್ಬರಿಗೇ 10,000ಕ್ಕಿಂತ ಜಾಸ್ತಿ ಕ್ಯಾಶ್ ಕೊಟ್ರೆ ಆ ಖರ್ಚು ಪೂರ್ತಿ ಹೋಗುತ್ತೆ, ಯುಪಿಐ ಮಾಡಿ.

ಈಗ ಯಾರೂ ಮೊದಲೇ ಹೇಳದ ವಿಷಯಕ್ಕೆ ಬರ್ತೀನಿ, ನಿಮಗೆ ಇದೇ ಎಲ್ಲಕ್ಕಿಂತ ಮುಖ್ಯ. ಪ್ಯಾನೆಲ್‌ನಲ್ಲಿದ್ದು ವರ್ಷವರ್ಷ ಮಾಡ್ತಿರೋದ್ರಿಂದ ಇದನ್ನ ವೃತ್ತಿ ಆದಾಯ ಅಂತಲೇ ತೋರಿಸಬೇಕು, ಅಂದ್ರೆ ಐಟಿಆರ್-3 ಅನ್ನೋ ರಿಟರ್ನ್ ಫಾರ್ಮು. ವೃತ್ತಿ ಆದಾಯ ಬಂತು ಅಂದ ಕೂಡ್ಲೇ ಹಳೇ ಹೊಸ ಪದ್ಧತಿ ಆರಿಸೋ ನಿಯಮ ಬದಲಾಗುತ್ತೆ. ಬರೀ ಸಂಬಳ ಇರೋರು ಪ್ರತಿ ವರ್ಷ ಇದು ಅದು ಅಂತ ಬದಲಿಸ್ಕೊಳ್ಳಬಹುದು, ರಿಟರ್ನ್‌ನಲ್ಲೇ ಟಿಕ್ ಮಾಡಿದ್ರೆ ಆಯ್ತು. ನಿಮಗೆ ಹಾಗಲ್ಲ. ಹಳೇ ಪದ್ಧತಿ ಬೇಕು ಅಂದ್ರೆ ರಿಟರ್ನ್ ಗಡುವಿನೊಳಗೆ ಫಾರ್ಮ್ 10-ಐಇಎ ಬೇರೆಯಾಗಿ ಹಾಕ್ಬೇಕು, ಬ್ಯಾಂಕಿನ ಎಚ್ಆರ್‌ಗೆ ಹಳೇ ಪದ್ಧತಿ ಅಂತ ಬರೆದುಕೊಟ್ಟಿದ್ದು ಇದಕ್ಕೆ ಸಾಲದು. ಫಾರ್ಮ್ ಹಾಕೋದು ಮರೆತ್ರೆ ಹೊಸ ಪದ್ಧತಿಯಲ್ಲೇ ಲೆಕ್ಕ ಹಾಕ್ತಾರೆ, ಹೋಮ್ ಲೋನ್ ಬಡ್ಡಿ, 80ಸಿ (ಪಿಎಫ್, ವಿಮೆ ಥರದ ಉಳಿತಾಯಕ್ಕೆ ಸಿಗೋ ಕಡಿತ) ಎಲ್ಲ ಕೈಬಿಟ್ಟು ಹೋಗುತ್ತೆ, 37,000 ಖರ್ಚು ಕಳೆದು ಉಳಿಸಿದ್ದಕ್ಕಿಂತ ಎಷ್ಟೋ ಪಾಲು ಜಾಸ್ತಿ ಕಳ್ಕೊಳ್ತೀರಿ. ಒಂದ್ಸಲ ಹಳೇದಕ್ಕೆ ಹೋದ್ಮೇಲೆ ಹೊಸದಕ್ಕೆ ವಾಪಸ್ ಬರೋಕೆ ಒಂದೇ ಅವಕಾಶ, ಬಂದ್ಮೇಲೆ ವೃತ್ತಿ ಆದಾಯ ಇರೋ ತನಕ ಮತ್ತೆ ಹಳೇದಕ್ಕೆ ಹೋಗೋಕಾಗಲ್ಲ. ಅಂಪೈರಿಂಗ್ ಖರ್ಚು ಮಾತ್ರ ಎರಡೂ ಪದ್ಧತಿಯಲ್ಲಿ ಕಳೀಬಹುದು, ಅದ್ರ ಚಿಂತೆ ಬೇಡ.

ವರ್ಷಕ್ಕೆ ಒಂದೆರಡು ಮ್ಯಾಚ್ ಮಾತ್ರ ಮಾಡೋರು ಇತರೆ ಮೂಲದ ಆದಾಯ ಅಂತ ತೋರಿಸಬಹುದು, ಆಗ ಖರ್ಚು ಸೆಕ್ಷನ್ 57ರ ಕೆಳಗೆ ಕಳೆಯೋದು, ಈ 10-ಐಇಎ ತಲೆನೋವೂ ಇರಲ್ಲ. ಆದ್ರೆ ಐಟಿಆರ್-1ರಲ್ಲಿ ಆ ಥರ ಖರ್ಚು ಹಾಕೋಕೆ ಜಾಗ ಇಲ್ಲ, ಐಟಿಆರ್-2 ಬೇಕು. ತಲೆನೋವು ತಪ್ಪುತ್ತೆ ಅಂತ ಪ್ಯಾನೆಲ್‌ನವರೂ ಹೀಗೇ ತೋರಿಸೋದನ್ನ ನಾನು ಒಪ್ಪಲ್ಲ, ಮತ್ತೆ ಒಂದು ವರ್ಷ ಹೀಗೆ ಒಂದು ವರ್ಷ ಹಾಗೆ ಅಂತೂ ಖಂಡಿತ ಬೇಡ.

44ಎಡಿಎ ಅಂತ ಒಂದು ಸೆಕ್ಷನ್ ಇದೆಯಲ್ಲ, ಬಂದಿದ್ದರಲ್ಲಿ ಅರ್ಧ ಲಾಭ ಅಂತ ತೋರಿಸಿ ಮುಗಿಸೋದು, ಅದು ವಕೀಲರು, ಡಾಕ್ಟರು, ಎಂಜಿನಿಯರು, ಆಡಿಟರು ಇಂಥ ಪಟ್ಟಿಯಲ್ಲಿರೋ ವೃತ್ತಿಗಳಿಗೆ. 2008ರ ಅಧಿಸೂಚನೆ ಅಂಪೈರ್‌ಗಳನ್ನ ಸೇರಿಸಿದ್ದು ಟಿಡಿಎಸ್‌ಗೆ ಮಾತ್ರ, ಈ ಪಟ್ಟಿಗಲ್ಲ, ಹಾಗಾಗಿ ಅದನ್ನ ನಂಬ್ಕೊಳ್ಳೋದು ಬೇಡ. ನಿಮ್ಮ ಆದಾಯದ ಮಟ್ಟಕ್ಕೆ ಕಡ್ಡಾಯವಾಗಿ ಲೆಕ್ಕದ ಪುಸ್ತಕ ಇಡೋ ಅಗತ್ಯ ಬರಲ್ಲ, ಐಟಿಆರ್-3ರಲ್ಲಿ ಪುಸ್ತಕ ಇಲ್ಲದವರಿಗೆ ಅಂತ ಒಂದು ಚಿಕ್ಕ ಭಾಗ ಇದೆ, ಒಟ್ಟು ಬಂದಿದ್ದು, ಖರ್ಚು, ನಿವ್ವಳ ಲಾಭ ಅಷ್ಟು ತುಂಬಿದ್ರೆ ಆಯ್ತು. ಆದ್ರೂ ಡೈರಿ ಮತ್ತು ರಸೀದಿ ಇಟ್ಕೊಳ್ಳಿ. ಒಂದು ವರ್ಷ ಖರ್ಚೇ ಜಾಸ್ತಿಯಾಗಿ ನಷ್ಟ ಬಂದ್ರೆ ಅದನ್ನ ಸಂಬಳದಲ್ಲಿ ಕಳೆಯೋಕಾಗಲ್ಲ, ಗಡುವಿನೊಳಗೆ ರಿಟರ್ನ್ ಹಾಕಿದ್ರೆ 8 ವರ್ಷ ಮುಂದಕ್ಕೆ ಒಯ್ದು ವೃತ್ತಿ ಆದಾಯದಲ್ಲಿ ಮಾತ್ರ ಕಳೀಬಹುದು.

2026 ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿ, ಆವತ್ತಿನಿಂದ ಬರೋ ಆದಾಯಕ್ಕೆ ಸೆಕ್ಷನ್ ನಂಬರ್‌ಗಳು ಬೇರೆ. ನೀವು ಕೇಳಿರೋ 2025-26ರ ಆದಾಯಕ್ಕೆ ಹಳೇ 1961ರ ಕಾಯ್ದೆನೇ. ಹಾಂ, ಬ್ಯಾಂಕಿನಿಂದ ಅಂಪೈರಿಂಗ್‌ಗೆ ಅನುಮತಿ ಪತ್ರ ತಗೊಂಡಿಲ್ಲ ಅಂದ್ರೆ ತಗೊಂಡಿಡಿ, ತೆರಿಗೆಗೆ ಸಂಬಂಧ ಇಲ್ಲ, ನೌಕರಿಗೆ ಇದೆ.

ಪ್ರಶ್ನೆ: ನಾನು ಗೃಹಿಣಿ, ಮೊದಲು ವಾಲಿಬಾಲ್ ಆಡ್ತಿದ್ದೆ, ಈಗ ರೆಫ್ರಿ. ವರ್ಷಕ್ಕೆ 60,000 ಬಂತು, 6,000 ಹಿಡಿದ್ರು, ಬೇರೆ ಆದಾಯ ಏನೂ ಇಲ್ಲ. ರಿಟರ್ನ್ ಹಾಕ್ಬೇಕಾ? ಮ್ಯಾಚ್ ಇದ್ದ ದಿನ ಮಗು ನೋಡ್ಕೊಳ್ಳೋಕೆ ಒಬ್ಬರಿಗೆ ದುಡ್ಡು ಕೊಡ್ತೀನಿ, ಅದನ್ನ ಖರ್ಚಲ್ಲಿ ಹಾಕ್ಬಹುದಾ?

ಉತ್ತರ: ನಿಮಗೆ ತೆರಿಗೆನೇ ಬರಲ್ಲ ಅಕ್ಕ, ಹೊಸ ಪದ್ಧತಿಯಲ್ಲಿ 4 ಲಕ್ಷದವರೆಗೆ ಸ್ಲ್ಯಾಬ್ ಸೊನ್ನೆ. ಆದ್ರೆ ಆ 6,000 ತಾನಾಗೇ ವಾಪಸ್ ಬರಲ್ಲ, ರಿಟರ್ನ್ ಹಾಕಿದ್ರೆ ಮಾತ್ರ ರಿಫಂಡ್. ದಯವಿಟ್ಟು ಹಾಕಿ, ಚಿಕ್ಕ ಮೊತ್ತ ಅಂತ ಎಷ್ಟೋ ಜನ ರೆಫ್ರಿಗಳು ವರ್ಷವರ್ಷ ಬಿಟ್ಟುಬಿಡ್ತಾರೆ, ನೋಡಿದ್ರೆ ಹೊಟ್ಟೆ ಉರಿಯುತ್ತೆ. ಹಾಕೋ ಮುಂಚೆ ಎರಡು ನೋಡ್ಕೊಳ್ಳಿ, 26ಎಎಸ್‌ನಲ್ಲಿ ಆ 6,000 ನಿಮ್ಮ ಪ್ಯಾನ್‌ನಲ್ಲಿ ಕಾಣ್ಸುತ್ತಾ ಅಂತ, ಮತ್ತೆ ಬ್ಯಾಂಕ್ ಖಾತೆ ಆದಾಯ ತೆರಿಗೆ ಪೋರ್ಟಲ್‌ನಲ್ಲಿ ದೃಢೀಕರಣ ಆಗಿದೆಯಾ ಅಂತ. ಕಾಣ್ಸದೇ ಇದ್ರೆ ಹಿಡಿದವರನ್ನೇ ಕೇಳ್ಬೇಕು. ಪ್ಯಾನ್ ಕೊಡದೇ ಇದ್ರೆ 10ರ ಬದಲು 20 ಪರ್ಸೆಂಟ್ ಹಿಡೀತಾರೆ, ಹಾಗಾಗಿ ಮೊದಲ ಮ್ಯಾಚಿಗೇ ಪ್ಯಾನ್ ಕೊಡಿ.

ಮಗು ನೋಡ್ಕೊಳ್ಳೋ ಖರ್ಚು ಒಪ್ಪಲ್ಲ, ಅದು ಸ್ವಂತದ್ದು ಅಂತ ಲೆಕ್ಕ. ಆ ಖರ್ಚಿಲ್ಲದೆ ನೀವು ವಾಲಿಬಾಲ್ ಕೋರ್ಟಿಗೆ ಕಾಲಿಡೋಕೇ ಆಗಲ್ಲ, ನನ್ನ ಪ್ರಕಾರ ಇದು ಅನ್ಯಾಯನೇ, ಮೈದಾನಕ್ಕೆ ಬರೋ ತಾಯಂದಿರಿಗೆ ಕಾಯ್ದೆ ಇದನ್ನ ಕೊಡ್ಬೇಕು. ಸದ್ಯಕ್ಕೆ ನಿಮ್ಮ ಆದಾಯಕ್ಕೆ ಅದ್ರಿಂದ ತೆರಿಗೆಯಲ್ಲಿ ವ್ಯತ್ಯಾಸ ಏನೂ ಆಗಲ್ಲ, 6,000 ಪೂರ್ತಿ ವಾಪಸ್ ಬರುತ್ತೆ.

ಪ್ರಶ್ನೆ: ಫುಟ್‌ಬಾಲ್ ರೆಫ್ರಿ ನಾನು. ಒಂದು ಟೂರ್ನಮೆಂಟ್‌ನವರು ಜಿಎಸ್‌ಟಿ ನಂಬರ್ ಇಲ್ಲದೆ ಪೇಮೆಂಟ್ ಮಾಡಲ್ಲ ಅಂತಿದಾರೆ. ಮಾಡಿಸ್ಬೇಕಾ?

ಉತ್ತರ: ಬೇಡ. ಸೇವೆ ಕೊಡೋರಿಗೆ ವರ್ಷದ ಒಟ್ಟು ವಹಿವಾಟು 20 ಲಕ್ಷ ದಾಟೋವರೆಗೆ ಸಾಮಾನ್ಯವಾಗಿ ನೋಂದಣಿ ಬೇಕಿಲ್ಲ, ಕೆಲವು ವಿಶೇಷ ವರ್ಗದ ರಾಜ್ಯಗಳಲ್ಲಿ ಮಾತ್ರ ಈ ಮಿತಿ ಕಮ್ಮಿ. ಅದೂ ಅಲ್ದೆ ಮಾನ್ಯತೆ ಇರೋ ಕ್ರೀಡಾ ಸಂಸ್ಥೆ ನಡೆಸೋ ಪಂದ್ಯದಲ್ಲಿ ಆಟಗಾರ, ರೆಫ್ರಿ, ಅಂಪೈರ್, ಕೋಚ್ ಆ ಸಂಸ್ಥೆಗೆ ಕೊಡೋ ಸೇವೆಗೆ 2017ರ 12ನೇ ನಂಬರ್ ಅಧಿಸೂಚನೆಯಲ್ಲೇ ಜಿಎಸ್‌ಟಿ ವಿನಾಯಿತಿ ಇದೆ. ಖಾಸಗಿಯವರು ಮಾನ್ಯತೆ ಇಲ್ಲದೆ ನಡೆಸೋ ಟೂರ್ನಮೆಂಟ್‌ಗೆ ಈ ವಿನಾಯಿತಿ ಸಿಗಲ್ಲ, ಆದ್ರೆ 20 ಲಕ್ಷದ ಮಿತಿ ಅಲ್ಲೂ ಇದ್ದೇ ಇದೆ. ವಹಿವಾಟು ಮಿತಿಯೊಳಗಿದೆ, ನೋಂದಣಿ ಇಲ್ಲ ಅಂತ ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿ ಬಿಲ್ ಜೊತೆ ಕೊಡಿ, ಪ್ಯಾನ್ ನಂಬರ್ ಹಾಕಿ. ಸಾಮಾನ್ಯವಾಗಿ ಅವರ ಅಕೌಂಟ್ಸ್‌ನವರು ಫೈಲಿಗೆ ಒಂದು ಕಾಗದ ಬೇಕು ಅಂತ ಕೇಳ್ತಿರ್ತಾರೆ, ಅದು ಸಿಕ್ಕಿದ್ರೆ ಪೇಮೆಂಟ್ ಬಿಡ್ತಾರೆ.